ಸಾರವೆ ಬಿಚ್ಚದ ಹಳೇ ಮನೇಲಿ ಕ್ರಿಸ್‌ಮಸ್: ನನ್ನ ಅನುಭವ

ಹಳೇ ಮನೆ ರಿಪೇರಿಗೆ ಕೈ ಹಾಕಿದೋರು ಯಾರೇ ಆಗ್ಲಿ, ಕೆಲಸ ಮುಗಿಯೋ ತನಕ ಹಬ್ಬಕ್ಕೆ ಯಾರನ್ನೂ ಕರೀಬೇಡ ಅಂತಾರೆ. ನಂಗೂ ಅಂದ್ರು, ಮೇಸ್ತ್ರಿ ಅಂತೂ ನಕ್ಕೇಬಿಟ್ರು. ಈ ಸಲ ಹದಿನಾಲ್ಕು ಜನ ಅದೇ ಮನೇಲಿ ಕೂತು ಕ್ರಿಸ್‌ಮಸ್ ಮಾಡಿದ್ವಿ, ಒಬ್ಬರ ಬಟ್ಟೆಗೂ ಸುಣ್ಣ ಮೆತ್ಕೊಳ್ಳಲಿಲ್ಲ.

ಮೊದಲನೇ ವರ್ಷ ಮಾಡಿದ್ದು ಶುದ್ಧ ಪೆದ್ದುತನ. ಟೈಮ್ ಇಲ್ಲ ಅಂತ ಹಾಲ್‌ನ ಹಳೇ ಗಾರೆ, ಅಂದ್ರೆ ಸುಣ್ಣ-ಮರಳು ಬಳಿದ ಗೋಡೆ ಮೇಲೆ ಸಿಮೆಂಟ್ ಬಳಿಸಿದೆ. ಗೋಡೆ ಒಳಗಿನ ತೇವಕ್ಕೆ ಹೊರಗೆ ಬರೋಕೆ ದಾರಿ ಇಲ್ಲ, ಹಬ್ಬದ ಹಿಂದಿನ ದಿನಕ್ಕೆ ಪೇಂಟ್ ಉಬ್ಬಿ ಬಿಳೀ ಉಪ್ಪು ಉದುರೋಕೆ ಶುರು. ಆಮೇಲೆ ಸಿಮೆಂಟ್ ಕೆತ್ತೋಕೆ ಹೋದ್ರೆ ಇಟ್ಟಿಗೆ ಮುಖಾನೂ ಅದರ ಜೊತೇಲೇ ಎದ್ದು ಬಂತು. ಹಾಕಿದ್ದಕ್ಕೊಂದು ಸಲ, ಕಿತ್ತಿದ್ದಕ್ಕೊಂದು ಸಲ, ಮತ್ತೆ ಗಾರೆಗೊಂದು ಸಲ, ಒಂದೇ ಗೋಡೆಗೆ ಮೂರು ಸಲ ದುಡ್ಡು ಸುರಿದೆ, ಅದರಲ್ಲಿ ಎರಡು ಕಿಟಕಿ ಆಗ್ತಿತ್ತು.

ಎರಡನೇ ವರ್ಷ ಗಾರೇನೇ ಹಾಕ್ಸಿದೆ, ಆದ್ರೆ ನವೆಂಬರ್ ಕೊನೇಲಿ. ಬೇಗ ಒಣಗ್ಲಿ ಅಂತ ಹೀಟರ್ ಇಟ್ಟೆ, ಗೋಡೆ ಬತ್ತಿದ ಕೆರೆ ಥರ ಬಿರುಕು ಬಿಡ್ತು, ಕೈ ಇಟ್ರೆ ಪುಡಿ. ಸುಣ್ಣ ಒಣಗೋದಲ್ಲ, ಗಾಳಿ ಕುಡಿದು ಗಟ್ಟಿ ಆಗೋದು, ಅದಕ್ಕೆ ತೇವ ಬೇಕು ಅಂತ ನಮಗೆಲ್ಲ ಗೊತ್ತಿರೋದೇ, ಹಬ್ಬ ಕುತ್ತಿಗೆಗೆ ಬಂದಾಗ ನೆನಪಾಗಲ್ಲ ಅಷ್ಟೇ. ಪಕ್ಕದ ರೂಮಲ್ಲಿ ಟೈಲ್ಸ್ ಕಟ್ ಮಾಡ್ತಿದ್ರು, ಆ ಧೂಳಿಗೆ ಟ್ರೀ ಪೂರ್ತಿ ಬೂದಿ ಬಣ್ಣ, ಅಲಂಕಾರದ ಗುಂಡುಗಳನ್ನ ತೊಳೆದ್ರೆ ಬಣ್ಣಾನೇ ಹೋಯ್ತು.

ಈ ಸಲ 25ರಿಂದ ಹಿಂದಕ್ಕೆ ಎಣಿಸಿದೆ. ಇಡೀ ಮನೆ ಆಸೆ ಬಿಟ್ಟು ಒಂದೇ ರೂಮ್. ಗಾರೆಯ ಕೊನೇ ಕೈ ಸೆಪ್ಟೆಂಬರ್ ಮುಗಿಯೋದ್ರೊಳಗೆ, ಹತ್ತು ದಿನ ಒದ್ದೆ ಗೋಣಿ, ಆಮೇಲೆ ಅದರ ಪಾಡಿಗೆ ಬಿಟ್ಟೆ. ನವೆಂಬರ್‌ನಲ್ಲಿ ತೆಳ್ಳಗೆ ಐದು ಕೈ ಸುಣ್ಣ, ದಿನಕ್ಕೊಂದು. ಬಟ್ಟೆಗೆ ಅಂಟದ ಹಾಗೆ ಸುಣ್ಣಕ್ಕೆ ಏನು ಸೇರಿಸಿದೆ ಅನ್ನೋದು ನನ್ನ ಹತ್ರಾನೇ ಇರ್ಲಿ. ಕೆನೆ ತೆಗೆದ ಹಾಲಂತೂ ಅಲ್ಲ, ಅದನ್ನ ಹಿಂದಿನ ಗೋಡೆ ಮೇಲೆ ಟ್ರೈ ಮಾಡಿದ್ದೆ, ಹಿಡೀತು ಚೆನ್ನಾಗಿ, ನಾಲ್ಕು ದಿನ ಹುಳಿ ವಾಸನೆ. ಕಿಟಕಿಯ ಹಳೇ ಪೇಂಟಲ್ಲಿ ಸೀಸ ಇರಬಹುದು, ಮಕ್ಕಳು ಬರೋರು, ಅದಕ್ಕೆ ಒಣ ಸ್ಯಾಂಡಿಂಗ್ ಬೇಡ ಅಂತ ನೀರು ಹಾಕಿ ಕೆರೆಸಿದೆ.

ಕಟ್ಟಿಂಗು, ಒಡೆಯೋದು ಎಲ್ಲಾ ಎರಡು ವಾರ ಮುಂಚೇನೇ ಬಂದ್. ಬಾಗಿಲಿಗೆ ಎರಡು ಪದರ ಪ್ಲಾಸ್ಟಿಕ್ ಶೀಟು, ನಡುವೆ ಜಿಪ್ಪು, ಕೆಳಗೆ ಒದ್ದೆ ಚೀಲ. ಹಳೇ ವೈರಿಂಗ್ ಮುಟ್ಟಲೇ ಇಲ್ಲ, ಟೆಂಪರರಿ ಬೋರ್ಡಿಂದ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಹಾಕಿ ಬೇರೆ ಲೈನ್ ಎಳೆದೆ, ಎಲ್‌ಇಡಿ ಸರ ಎಲ್ಲಾ ಸೇರಿ ನಲವತ್ತು ವ್ಯಾಟ್ ಇದ್ದಿರಬಹುದು. ಮೇಣದಬತ್ತಿ ಬೇಡವೇ ಬೇಡ ಅಂದೆ, ತೊಲೆಗಳೆಲ್ಲ ಒಣ ಮರ, ಪಕ್ಕದಲ್ಲೇ ಮರ ಹೆರೆದ ಹೊಟ್ಟು. ಬ್ಯಾಟರಿ ದೀಪ ನೋಡಿ ಮನೆಯವರು ಮುಖ ಊದಿಸ್ಕೊಂಡಿದ್ದು ನಿಜ.

ಸಾರವೆ ಬಾಡಿಗೆ ರಜಾ ದಿನಕ್ಕೂ ಓಡ್ತಾನೇ ಇರುತ್ತಲ್ಲ, ಹೊಟ್ಟೆ ಉರೀತಿತ್ತು, ಸರಿ ದುಡೀಲಿ ಅಂತ ನಕ್ಷತ್ರಾನ ಅದರ ಪೈಪಿಗೇ ಕಟ್ಟಿದೆ. ಹೊಸ ಗೋಡೆಗೆ ಒಂದು ಮೊಳೆ ಇಲ್ಲ. ಗೋದಲಿ ಕಟ್ಟಿದ್ದು ಕಿತ್ತ ರೀಪು (ಮರದ ಪಟ್ಟಿ), ಉದುರಿದ ಗಾರೆ ಚೂರಲ್ಲಿ, ಎಲ್ಲರೂ ಫೋಟೋ ತೆಗೆದಿದ್ದು ಅದನ್ನೇ.

ಮೇಸ್ತ್ರಿನೂ ಬಂದಿದ್ರು. ಗೋಡೆ ಮೇಲೆ ಅಂಗೈ ಉಜ್ಜಿ ನೋಡ್ಕೊಂಡ್ರು, ಏನೂ ಇಲ್ಲ, ಆದ್ರೂ ಅಭ್ಯಾಸಕ್ಕೆ ಪ್ಯಾಂಟಿಗೆ ಒರೆಸ್ಕೊಂಡ್ರು. 27ಕ್ಕೆ ಜಿಪ್ ತೆಗೆದು ಮತ್ತೆ ಕಟರ್ ಆನ್ ಮಾಡಿದ್ವಿ.