ದಿವಾಳಿಯಾದ ಕಂಪನಿಯ ಬೈಕಿಗೆ ಮತ್ತೆ ಚಾರ್ಜ್ ಏರಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಹಳೇ ಎಲೆಕ್ಟ್ರಿಕ್ ಬೈಕು ಓಡುತ್ತಿದೆ. ಮೊನ್ನೆ ಭಾನುವಾರ ಕೂಡ ಟ್ರ್ಯಾಕಿಗೆ ಒಯ್ದು ಮೈಯೆಲ್ಲ ಕೆಸರು ಮಾಡಿಕೊಂಡು ಬಂದೆ. ಇದನ್ನು ಬರೆಯೋದಕ್ಕೆ ಕಾರಣ ಏನಂದ್ರೆ, "ಅದು ಗುಜರಿ, ಬಿಡು" ಅಂದವರು ಒಬ್ಬಿಬ್ಬರಲ್ಲ. ಮೋಟೋಕ್ರಾಸ್ ಕ್ಲಬ್ಬಿನವರು ಅಂದರು. ಇಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಬ್ಯಾಟರಿ ಕೆಲಸವನ್ನೇ ಮಾಡಿ ಸಂಬಳ ತಗೊಳ್ಳೋ ಗೆಳೆಯನೂ ಅಂದ. ತಿಪಟೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ನಮ್ಮ ಭಾವ ಅಂತೂ ಫೋನಿನಲ್ಲೇ ನಕ್ಕರು. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರಿಗಾಗಿ ಬರೆಯುತ್ತಿದ್ದೇನೆ. ಲಿಥಿಯಂ ಸೆಲ್ ಅಂದರೇನು ಅಂತ ಶುರು ಮಾಡುವುದಿಲ್ಲ.

ಬೈಕು ಕೇಕ್ (CAKE) ಕಂಪನಿಯ ಕಾಲ್ಕ್ (Kalk). ಸ್ವೀಡನ್ನಿನದ್ದೇ, ಸ್ಟಾಕ್‌ಹೋಮಿನ ಕಂಪನಿ. 2018ರಲ್ಲಿ ಈ ಬೈಕನ್ನು ಹೊರತಂದಾಗ ನೋಡಿದವರೆಲ್ಲ ಬಾಯಿಬಿಟ್ಟಿದ್ದರು. ಸುಮಾರು ಎಪ್ಪತ್ತು ಕೆಜಿ ತೂಕ, ಓಲಿನ್ಸ್ ಸಸ್ಪೆನ್ಷನ್, ಬೆಳ್ಳಗೆ ಫ್ರಿಜ್ಜಿನ ಹಾಗೆ ಮೈ. ಬೆಲೆ ಕೇಳಿ ನಾನು ಪೋಸ್ಟರ್ ನೋಡಿ ಸಮಾಧಾನ ಮಾಡಿಕೊಂಡಿದ್ದೆ. 2024ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿ ಆಯಿತು. ಉಳಿದಿದ್ದನ್ನು ಅದೇ ವರ್ಷ ನಾರ್ವೆಯವರು ಕೊಂಡರು. ಹಳೇ ಬೈಕುಗಳು ಮಾತ್ರ ಯಾರ್ಯಾರದೋ ಶೆಡ್ಡಿನಲ್ಲಿ ಉಳಿದವು. ನನ್ನದು ಅಂಥದ್ದೇ ಒಂದು.

ಮಾರಿದವರು ಕಾಡಿನ ಪಕ್ಕದ ಮನೆಯವರು. ಬೈಕನ್ನು ಹೀಟರ್ ಇಲ್ಲದ ಶೆಡ್ಡಿನಲ್ಲಿ ಒಂದೆರಡು ಚಳಿಗಾಲ ಹಾಗೇ ಬಿಟ್ಟಿದ್ದಾರೆ, ಬ್ಯಾಟರಿ ಒಳಗೇ. ಚಾರ್ಜರ್ ಮನೆ ಬದಲಿಸುವಾಗ ಕಳೆದುಹೋಗಿದೆ. ಜಾಹೀರಾತಿನಲ್ಲಿ "ಬಹುಶಃ ಬ್ಯಾಟರಿ ಖಾಲಿ" ಅಂತ ಬರೆದಿದ್ದರು. ಬಹುಶಃ ಅಂತೆ! ಹದಿನಾಲ್ಕು ಸಾವಿರ ಕ್ರೋನಾ ಕೇಳಿದರು, ಒಂಬತ್ತಕ್ಕೆ ಇಳಿಸಿದೆ. ಒಂದು ಕ್ರೋನಾ ಅಂದರೆ ನಮ್ಮ ಒಂಬತ್ತು ಹತ್ತು ರೂಪಾಯಿ, ಲೆಕ್ಕ ಹಾಕಿಕೊಳ್ಳಿ. ಆಗ ಓಡುವ ಸ್ಥಿತಿಯ ಕಾಲ್ಕ್‌ಗೆ ಐವತ್ತು ಸಾವಿರದ ಆಸುಪಾಸು ಕೇಳುತ್ತಿದ್ದರು. ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಓಡದೇ ಹೋದರೆ ಇದನ್ನ ಎಲ್ಲಿ ಇಡ್ತೀರಿ?"

ಬ್ಯಾಟರಿ 51.8 ವೋಲ್ಟ್, 50 ಆಂಪಿಯರ್-ಅವರ್. ಅಂದರೆ 2.6 ಯೂನಿಟ್ ಕರೆಂಟು ಹಿಡಿಯುತ್ತೆ. ಪ್ಯಾರಲಲ್ ಸೆಲ್‌ಗಳ ಹದಿನಾಲ್ಕು ಗುಂಪು ಸೀರೀಸ್‌ನಲ್ಲಿ, ಒಳಗೆ 18650 ಅನ್ನೋ ಉರುಟು ಲಿಥಿಯಂ ಸೆಲ್. ಪೂರ್ತಿ ಚಾರ್ಜ್ ಆದರೆ 58.8 ವೋಲ್ಟ್. ಈ ಲೆಕ್ಕ ಗೊತ್ತಿದ್ದರೆ ಅರ್ಧ ಭಯ ಹೋಗುತ್ತೆ. ಯಾಕಂದ್ರೆ ಇದು ಒಂದು ದೊಡ್ಡ ಇ-ಸೈಕಲ್ ಬ್ಯಾಟರಿ, ಅಷ್ಟೆ. ಮುನ್ನೂರು ನಾನೂರು ವೋಲ್ಟಿನ ಪ್ಯಾಕ್ ಇರುವ ಬೈಕುಗಳೂ ಇವೆ. ಅದನ್ನು ನಾನು ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ.

ಮೊದಲು ದುಡ್ಡು ಕಳೆದದ್ದು ಚಾರ್ಜರಿಗೆ. ಚೀನಾದಿಂದ 58.8 ವೋಲ್ಟಿನ ಚಾರ್ಜರ್ ತರಿಸಿದೆ, ತೆರಿಗೆ ಸೇರಿ ಎಂಟುನೂರು ಕ್ರೋನಾ ಆಯಿತು. ಚುಚ್ಚಿದರೆ ಹಸಿರು ದೀಪ. ಹಸಿರು ಅಂದರೆ "ಫುಲ್" ಅಂತ! ಇಂಥ ಚಾರ್ಜರುಗಳ ಕಥೆಯೇ ಹಾಗೆ. ಬ್ಯಾಟರಿ ಕಡೆಯಿಂದ ವೋಲ್ಟೇಜ್ ಕಾಣದಿದ್ದರೆ ಕರೆಂಟ್ ಬಿಡುವುದಿಲ್ಲ, ಸುಮ್ನೆ ಹಸಿರಾಗಿ ಕೂರುತ್ತವೆ. ಅದರದ್ದೇನೂ ತಪ್ಪಿಲ್ಲ. ಒಳಗಿನ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಸರ್ಕಿಟ್ ಬೋರ್ಡು, ಬಾಗಿಲು ಹಾಕಿಕೊಂಡಿತ್ತು, ಹೊರಗಿನ ಪಿನ್ನಿನಲ್ಲಿ ಸೊನ್ನೆ. ಸೆಲ್ ಇಷ್ಟು ಇಳಿದ ಮೇಲೆ ಬಾಗಿಲು ಹಾಕಿಕೊಳ್ಳೋದೇ ಅದರ ಕೆಲಸ.

ಒಂದು ಸೈಕಲ್ ಅಂಗಡಿಯವನು "ಇನ್ನೊಂದು ಬ್ಯಾಟರಿಯಿಂದ ನೇರ ವೈರ್ ಕೊಡು, ಎಚ್ಚರ ಆಗುತ್ತೆ" ಅಂದ. ಕೊಡಲಿಲ್ಲ. ಒಳಗೆ ಯಾವ ಗುಂಪು ಎಷ್ಟರಲ್ಲಿದೆ ಅಂತ ಗೊತ್ತಿಲ್ಲದೆ ದಪ್ಪ ವೈರ್ ಕೊಟ್ಟರೆ ಬೆಂಕಿಗೆ ಕರೆ ಕೊಟ್ಟ ಹಾಗೆ. ಇನ್ನೊಂದು ರಿಪೇರಿ ಅಂಗಡಿಯವರು ತೆರೆದು ನೋಡುವುದಕ್ಕೇ ಎರಡು ಸಾವಿರ ಕೇಳಿದರು. ಮೇಲೆ, ಆಗದಿದ್ದರೆ ವಿಲೇವಾರಿ ಖರ್ಚು ಬೇರೆ. ಅಲ್ಲಿಗೆ ನಾನೇ ತೆರೆಯೋದು ಅಂತ ತೀರ್ಮಾನವಾಯಿತು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದನ್ನೆಲ್ಲ ಮಾಡಲು ಬಿಡುವುದಿಲ್ಲ, ಬಿಡಬಾರದು ಕೂಡ. ಊರಾಚೆ ಗೆಳೆಯನ ಕೊಟ್ಟಿಗೆ ಇದೆ. ಅದರ ಮುಂದಿನ ಕಲ್ಲುಹಾಸಿನ ಮೇಲೆ ಕೂತು ಕೆಲಸ. ಪಕ್ಕದಲ್ಲಿ ಒಂದು ತಗಡಿನ ಡಬ್ಬಿ, ಮರಳಿನ ಬಕೆಟ್. ಬ್ಯಾಟರಿ ಪೆಟ್ಟಿಗೆ ಒಡೆಯದೆ ತೆರೆಯೋದಕ್ಕೆ ಒಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ಕಲಿಯೋದಕ್ಕೆ ನನಗೆ ಒಂದು ಮುಚ್ಚಳ ಖರ್ಚಾಗಿದೆ. ಹೀಟ್ ಗನ್ ಅಲ್ಲ ಅಂತ ಮಾತ್ರ ಹೇಳಬಲ್ಲೆ. ಸೆಲ್ ಪಕ್ಕ ಹೀಟ್ ಗನ್ ಹಿಡಿಯುವವರ ಜತೆ ನನಗೆ ಮಾತಿಲ್ಲ.

ತೆರೆದ ಮೇಲೆ, ಪ್ರತಿ ಗುಂಪಿನಿಂದ ಬಿಎಂಎಸ್‌ಗೆ ಹೋಗುವ ಬ್ಯಾಲೆನ್ಸ್ ವೈರುಗಳಲ್ಲಿ ಒಂದೊಂದೇ ಗುಂಪು ಅಳೆದೆ. ಮೀಟರಿನ ಮೊನೆಗಳಿಗೆ ಶ್ರಿಂಕ್ ಟ್ಯೂಬ್ ಹಾಕಿ, ತುದಿಯಲ್ಲಿ ಎರಡು ಮಿಲಿಮೀಟರ್ ಮಾತ್ರ ಬಿಟ್ಟಿದ್ದೆ. ಪಕ್ಕದ ಪಿನ್ನಿಗೆ ತಾಗಿದರೆ ಆ ಸಣ್ಣ ವೈರು ಅಲ್ಲೇ ಹೊಗೆ. ಮೊದಲ ಗುಂಪು 2.8 ವೋಲ್ಟ್. ಎರಡನೆಯದು 2.79. ಮೂರು, ನಾಲ್ಕು, ಐದು ಎಲ್ಲ 2.8ರ ಆಚೀಚೆ. ಎದೆ ಸ್ವಲ್ಪ ಹಗುರಾಯಿತು. ಒಂಬತ್ತನೆಯದಕ್ಕೆ ಬಂದರೆ 2.1. ಮತ್ತೆ ಅಳೆದೆ, 2.1. ಮುಂದಿನವು ಮತ್ತೆ 2.8. ಒಟ್ಟು 38 ಚಿಲ್ಲರೆ ವೋಲ್ಟ್.

ನನ್ನ ನಿಯಮ ಹೀಗಿದೆ. ಎರಡು ವೋಲ್ಟಿಗಿಂತ ಕೆಳಗೆ ಬಹಳ ದಿನ ಕೂತ ಸೆಲ್ ಮರುಬಳಕೆ ಕೇಂದ್ರಕ್ಕೆ. ಒಳಗಿನ ತಾಮ್ರ ಕರಗಿ, ಚಾರ್ಜ್ ಮಾಡುವಾಗ ಬೇಡದ ಕಡೆ ಕೂತು, ಒಳಗೊಳಗೇ ಶಾರ್ಟ್ ಆಗುತ್ತೆ. ಇವತ್ತಲ್ಲ, ಮುಂದಿನ ತಿಂಗಳು, ನೀವು ಮಲಗಿದಾಗ. ಎರಡರಿಂದ ಎರಡೂವರೆ ಒಳಗಿನದ್ದು ಸಂಶಯದ ಮಾಲು. ಅದಕ್ಕಿಂತ ಮೇಲಿದ್ದರೆ ಮೆಲ್ಲಗೆ ಏರಿಸಬಹುದು. ಹದಿಮೂರು ಗುಂಪು ಪಾಸು, ಒಂದು ಸಂಶಯ. ಗುಜರಿ ಅಂದವರಿಗೆ ಆವತ್ತೇ ಫೋಟೋ ಕಳಿಸಿದೆ. ಬ್ಯಾಟರಿ ಗೆಳೆಯ ಬರೀ ಒಂದು ಹೆಬ್ಬೆಟ್ಟು ಕಳಿಸಿದ.

ಒಂಬತ್ತನೆಯದಕ್ಕೆ ವೋಲ್ಟೇಜ್, ಕರೆಂಟ್ ಹೊಂದಿಸಬಹುದಾದ ಬೆಂಚ್ ಸಪ್ಲೈನಿಂದ ಅರ್ಧ ಆಂಪಿಯರ್ ಬಿಟ್ಟೆ, ಮಿತಿ 3.1 ವೋಲ್ಟ್. ಸಪ್ಲೈಗೆ ಸಾವಿರದ ಇನ್ನೂರು ಕ್ರೋನಾ ಕೊಟ್ಟಿದ್ದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸೆಲ್‌ಗಳ ಮೇಲೆ ಕೈಯಿಟ್ಟು ನೋಡೋದು. ಬೆಳಿಗ್ಗೆ ಹಚ್ಚಿದ್ದು ಮೂರು ವೋಲ್ಟ್ ದಾಟುವಾಗ ಸಂಜೆ ಊಟದ ಹೊತ್ತು. ಬಿಸಿ ಆಗಲಿಲ್ಲ. ಗೆದ್ದೆ ಅಂದುಕೊಂಡು ಮನೆಗೆ ಹೋದೆ. ಕೆಲವು ದಿನ ಬಿಟ್ಟು ಬಂದು ನೋಡಿದರೆ 2.8ಕ್ಕೆ ಇಳಿದಿದೆ, ಪಕ್ಕದ ಗುಂಪುಗಳು ಒಂದು ಚೂರೂ ಅಲುಗಿಲ್ಲ. ಗುಂಪಿನಲ್ಲಿ ಯಾವನೋ ಒಬ್ಬ ಸೋರುತ್ತಿದ್ದಾನೆ. ಪ್ಯಾರಲಲ್‌ನಲ್ಲಿ ಇರುವಾಗ ಒಬ್ಬ ಸೋರಿದರೆ ಎಲ್ಲರದ್ದೂ ಖಾಲಿ.

ಭಾವನಿಗೆ ಫೋನ್ ಮಾಡಿದೆ. "ಡಿಸ್ಟಿಲ್ಡ್ ವಾಟರ್ ಹಾಕೋಕ್ಕೂ ಬರಲ್ವಲ್ಲೋ ಅದಕ್ಕೆ" ಅಂತ ಮೊದಲು ರೇಗಿಸಿದರು. ಆಮೇಲೆ ಅವರೇ ಹೇಳಿದರು, "ವೈಂಡಿಂಗ್‌ನಲ್ಲಿ ಶಾರ್ಟ್ ಹುಡುಕೋ ಹಂಗೇ ಕಣೋ. ಬಿಡಿಬಿಡಿ ಮಾಡು, ಒಂದೊಂದೇ ನೋಡು. ಅವಸರ ಮಾಡ್ಬೇಡ." ನಾನೂ ಅದನ್ನೇ ಅಂದುಕೊಂಡಿದ್ದೆ, ಆದರೆ ಸೋಮಾರಿತನಕ್ಕೆ ಇನ್ನೊಂದು ದಾರಿ ಇದೆಯಾ ಅಂತ ಹುಡುಕುತ್ತಿದ್ದೆ. ಇಲ್ಲ. ಥರ್ಮಲ್ ಕ್ಯಾಮೆರಾ ಬಾಡಿಗೆಗೆ ತಂದೂ ನೋಡಿದೆ, ನಾನೂರು ಕ್ರೋನಾ ದಂಡ. ಇಷ್ಟು ಸಣ್ಣ ಸೋರಿಕೆ ಬಿಸಿಯಾಗಿ ಕಾಣೋದೇ ಇಲ್ಲ.

ಹಾಗಾಗಿ ಆ ಗುಂಪಿನ ಸೆಲ್‌ಗಳನ್ನು ಕೂಡಿಸುವ ನಿಕಲ್ ಪಟ್ಟಿಯನ್ನು ಒಂದು ಕಡೆ ಬಿಡಿಸಿದೆ. ಸಣ್ಣ ಕಟ್ಟರಿನಲ್ಲಿ ವೆಲ್ಡ್ ಚುಕ್ಕೆಗಳ ಪಕ್ಕಕ್ಕೆ ಕತ್ತರಿಸಿ, ಪಟ್ಟಿಯ ತುದಿಯನ್ನು ಮೂಗಿನ ಪ್ಲೈಯರಿನಲ್ಲಿ ಹಿಡಿದು ಸುತ್ತುತ್ತಾ ಹೋಗಬೇಕು, ಎಳೆಯಬಾರದು. ಎಳೆದರೆ ಸೆಲ್ಲಿನ ತಲೆ ಕಿತ್ತುಬರುತ್ತೆ. ಪಾಸಿಟಿವ್ ಕಡೆ ಅಂತೂ ಒಂದು ಕೂದಲಷ್ಟು ಜಾರಿದರೆ ಕ್ಯಾನಿಗೆ, ಅಂದರೆ ಸೆಲ್ಲಿನ ನೆಗೆಟಿವ್ ಲೋಹದ ಮೈಗೆ, ಶಾರ್ಟ್. ಪ್ರತಿ ಸೆಲ್ ಮೇಲೆ ಮಾರ್ಕರಿನಲ್ಲಿ ನಂಬರ್ ಬರೆದು ಒಂದು ವಾರದ ಮೇಲೆ ಅಳೆದೆ. ಒಂದು ಪೂರ್ತಿ ಕುಸಿದಿತ್ತು. ಇನ್ನೆರಡು ಮೆಲ್ಲಗೆ ಇಳಿಯುತ್ತಿದ್ದವು. ಉಳಿದವು ಗಟ್ಟಿ. ಮೂರನ್ನೂ ತೆಗೆದೆ.

ಅದೇ ಸಾಮರ್ಥ್ಯದ ಹೊಸ ಸೆಲ್ ಒಂದಕ್ಕೆ ಅರವತ್ತು ಕ್ರೋನಾ, ಆದರೆ ಹತ್ತಕ್ಕಿಂತ ಕಡಿಮೆ ಕೊಡಲ್ಲ ಅಂದರು. ಪಟ್ಟಿಯನ್ನು ಸೆಲ್ಲಿಗೆ ಅಂಟಿಸುವ ಸ್ಪಾಟ್ ವೆಲ್ಡರ್ ಆರುನೂರು. ಮೊದಲ ಅಗ್ಗದ ವೆಲ್ಡರ್ ನಿಕಲ್ಲಿಗೆ ಅಂಟಲೇ ಇಲ್ಲ, ಅದರ ದುಡ್ಡು ವಾಪಸ್ ಬಂದಿಲ್ಲ, ಬರುವುದೂ ಇಲ್ಲ. ಹೊಸ ಸೆಲ್ ಸೇರಿಸುವ ಮುಂಚೆ ಹಳೆಯವುಗಳ ವೋಲ್ಟೇಜಿಗೆ ತಂದು ನಿಲ್ಲಿಸಿ. ಎರಡನೇ ದಶಮಾಂಶದವರೆಗೂ ಸರಿಹೊಂದಬೇಕು. ಇಲ್ಲದಿದ್ದರೆ ಕೂಡಿಸಿದ ಕ್ಷಣವೇ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತೆ.

ಆಮೇಲೆ ಇಡೀ ಪ್ಯಾಕಿಗೆ ಒಂದು ಆಂಪಿಯರಿನಲ್ಲಿ, ಪ್ರತಿ ಗುಂಪಿನ ಮೇಲೆ ಕಣ್ಣಿಟ್ಟು, 44 ವೋಲ್ಟ್ ದಾಟಿಸಿದೆ. ಆದರೂ ಬಿಎಂಎಸ್ ಕಣ್ಣು ಬಿಡಲಿಲ್ಲ. ನಾಕಾರು ವಾರಾಂತ್ಯ ಅದರ ಮುಂದೆ ಕೂತು ಹಾಳಾಯಿತು. ಕೊನೆಗೆ ಎಬ್ಬಿಸಿದೆ. ಹೇಗೆ ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಸೆಲ್ ಅಳೆಯದೇ ಇದೊಂದನ್ನೇ ಮಾಡುವ ಪುಣ್ಯಾತ್ಮರು ಇರುತ್ತಾರೆ, ಅದು ಒಂದು ಕಾರಣ. ಇನ್ನೊಂದು ಕಾರಣ ಮುಂದೆ ಗೊತ್ತಾಗುತ್ತೆ. ಒಂದು ಮಾತ್ರ ಸ್ಪಷ್ಟ: ಬೈಪಾಸ್ ಮಾಡಿಲ್ಲ. ಬಿಎಂಎಸ್ ಇರಲೇಬೇಕು.

ಚೀನಾ ಚಾರ್ಜರ್ ಈಗ ನೆಟ್ಟಗೆ ಕೆಂಪು ದೀಪ ಹಚ್ಚಿತು. ಆದರೂ ಅದನ್ನು ಬಳಸುತ್ತಿಲ್ಲ. ಬೀದಿದೀಪಕ್ಕೆ ಹಾಕುವ ಎಲ್‌ಇಡಿ ಡ್ರೈವರ್ ಇದೆಯಲ್ಲ, ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಸ್ಕ್ರೂನಲ್ಲಿ ಹೊಂದಿಸುವಂಥದ್ದು, ಹಳೆಯದೊಂದು ಮುನ್ನೂರಕ್ಕೆ ಸಿಕ್ಕಿತು. ನೀರು ಬಿದ್ದರೂ ಏನಾಗಲ್ಲ, ಫ್ಯಾನಿನ ಸದ್ದಿಲ್ಲ. 57.4ಕ್ಕೆ ನಿಲ್ಲಿಸಿದ್ದೇನೆ, ಅಂದರೆ ಸೆಲ್ಲಿಗೆ 4.1. ಕೊನೆಯ ಹತ್ತು ಶೇಕಡಾ ಬಿಟ್ಟುಕೊಟ್ಟರೆ ಹಳೇ ಸೆಲ್ ಜಾಸ್ತಿ ದಿನ ಬಾಳುತ್ತೆ. ಚಾರ್ಜ್ ಮುಗಿದ ಮೇಲೆ ವೈರ್ ಕೀಳುವುದನ್ನು ಮರೆಯಬೇಡಿ, ಡ್ರೈವರ್ ಸ್ವಲ್ಪಸ್ವಲ್ಪ ಹೀರುತ್ತಿರುತ್ತೆ.

ಕೆಪಾಸಿಟಿ ನೋಡಿದ್ದು ಊರಿನ ಸೀರೀಸ್ ಲ್ಯಾಂಪ್ ಉಪಾಯದಲ್ಲಿ. ಕಾರಿನ ಹೆಡ್‌ಲೈಟಿನ 55 ವ್ಯಾಟಿನ ನಾಲ್ಕು ಎಚ್7 ಬಲ್ಬು ಸಾಲಾಗಿ ಕಟ್ಟಿ, ಮಧ್ಯೆ ಒಂದು ವ್ಯಾಟ್‌ಮೀಟರ್. ನಾಲ್ಕೂವರೆ ಐದು ಆಂಪಿಯರ್ ಎಳೆಯುತ್ತೆ. ಕೊಟ್ಟಿಗೆ ಬೆಳಗಿ, ಕೈ ಕಾಯಿಸಿಕೊಳ್ಳುತ್ತಾ ಒಂಬತ್ತು ಗಂಟೆಗೂ ಹೆಚ್ಚು ಹೊತ್ತು ಕಾದೆವು. 43 ಆಂಪಿಯರ್-ಅವರ್ ಚಿಲ್ಲರೆ ಬಂತು. ಸಾವಿರಾರು ಕ್ರೋನಾದ ಟೆಸ್ಟರ್ ಇದಕ್ಕಿಂತ ಹೆಚ್ಚೇನೂ ಹೇಳುತ್ತಿರಲಿಲ್ಲ.

ಇನ್ನೊಂದು ಸಣ್ಣ ಪ್ರಯೋಗ ಚಳಿಯದ್ದು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಸೆಲ್ ಚಾರ್ಜ್ ಮಾಡಬಾರದು, ಒಳಗೆ ಲೋಹ ಕಟ್ಟುತ್ತೆ. ಇಲ್ಲಿ ನವೆಂಬರಿನಿಂದ ಮಾರ್ಚ್ ತನಕ ಅದೇ ಕಥೆ. ಕಂಬಳಿ ಸುತ್ತಿ ನೋಡಿದೆ, ಪ್ರಯೋಜನ ಇಲ್ಲ. ಕಂಬಳಿ ಬಿಸಿಯನ್ನು ಹಿಡಿದಿಡುತ್ತೆ, ತಣ್ಣಗಿರುವ ಬ್ಯಾಟರಿಯಲ್ಲಿ ಹಿಡಿಯೋದಕ್ಕೆ ಬಿಸಿಯೇ ಇಲ್ಲವಲ್ಲ. ಟೊಮ್ಯಾಟೊ ಸಸಿ ಎಬ್ಬಿಸೋಕೆ ಬೀಜದ ತಟ್ಟೆ ಕೆಳಗೆ ಇಡುವ ಬಿಸಿ ಮ್ಯಾಟ್ ಸಿಗುತ್ತೆ, ಇಪ್ಪತ್ತು ವ್ಯಾಟಿನ ಸುತ್ತಮುತ್ತ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮ್ಯಾಟ್, ಮೇಲೆ ಬ್ಯಾಟರಿ. ರಾತ್ರಿ ಹಚ್ಚಿದರೆ ಬೆಳಿಗ್ಗೆ ಹತ್ತು ಹನ್ನೆರಡು ಡಿಗ್ರಿ. ನನ್ನ ಹೆಂಡತಿಯ ಟೊಮ್ಯಾಟೊ ಮಾತ್ರ ಈ ಸಲ ತಡವಾಯಿತು.

ಓಡಿಸುವುದು ಟ್ರ್ಯಾಕಿನಲ್ಲೇ. ಕಾಡು ಎಲ್ಲರದ್ದು ಅಂತ ಇಲ್ಲಿ ನಡೆದಾಡಬಹುದು, ಹಣ್ಣು ಆಯಬಹುದು. ಆದರೆ 1975ರ ಕಾಯ್ದೆ ಪ್ರಕಾರ ಹಿಮ ಮುಚ್ಚದ ನೆಲದ ಮೇಲೆ ರಸ್ತೆ ಬಿಟ್ಟು ಮೋಟಾರು ಗಾಡಿ ಮಜಕ್ಕೆ ಓಡಿಸುವಂತಿಲ್ಲ, ಸದ್ದಿಲ್ಲದ ಗಾಡಿಗೂ ವಿನಾಯಿತಿ ಇಲ್ಲ. ಟ್ರ್ಯಾಕಿನಲ್ಲಿ ಜೋರಾಗಿ ಹೊಡೆದರೆ ಮುಕ್ಕಾಲು ಗಂಟೆ, ಮೆತ್ತಗೆ ಹೋದರೆ ಅದರ ಎರಡರಷ್ಟು. ಒಂಬತ್ತನೇ ಗುಂಪನ್ನು ಈಗಲೂ ಆಗಾಗ ಅಳೆಯುತ್ತೇನೆ, ಬೇರೆಯವುಗಳ ಜತೆಗೇ ಇದೆ.

ಒಟ್ಟು ಖರ್ಚು, ಬೈಕೂ ಸೇರಿ, ಹದಿಮೂರು ಹದಿನಾಲ್ಕು ಸಾವಿರ. ವ್ಯರ್ಥವಾದ ವೆಲ್ಡರ್, ಕ್ಯಾಮೆರಾ ಬಾಡಿಗೆ, ಒಡೆದ ಮುಚ್ಚಳ ಎಲ್ಲ ಇದರಲ್ಲೇ ಬಂತು. ಕೊಟ್ಟಿಗೆಗೆ ಓಡಾಡಿದ ಪೆಟ್ರೋಲು ಲೆಕ್ಕಕ್ಕೆ ಸೇರಿಸಿಲ್ಲ, ಸೇರಿಸಿದರೆ ಮನೆಯಲ್ಲಿ ಗೊತ್ತಾಗುತ್ತೆ.

ಕ್ಲಬ್ಬಿನಲ್ಲಿ ಮೊದಲು ಗುಜರಿ ಅಂದವರು ಮೂವತ್ತೈದು ಸಾವಿರಕ್ಕೆ ಕೊಡ್ತೀಯಾ ಅಂದರು. ಇಲ್ಲ ಅಂದೆ. ಈಗ ಅವರೇ ಎಲ್ಲಿಂದಲೋ ಚಾರ್ಜ್ ಆಗದ ಕಾಲ್ಕ್ ಒಂದನ್ನು ಹುಡುಕಿ ತಂದಿದ್ದಾರೆ. ಸೆಲ್ ಬದಲಿಸುವುದಿದ್ದರೆ ಸೆಲ್ ಅವರದ್ದು, ಬಿಎಂಎಸ್ ಎಬ್ಬಿಸೋದಕ್ಕೆ ಎರಡು ಸಾವಿರ, ಮುಂಗಡ. ಮುಂದಿನ ಶನಿವಾರ ಕೊಟ್ಟಿಗೆಗೆ ತರುತ್ತಾರಂತೆ.