ಫೋನ್‌ನಲ್ಲಿ ‘ಅರೆಸ್ಟ್’ ಅಂದ್ರೆ ಮೊದಲು ಕಾಲ್ ಕಟ್ ಮಾಡಿ

ಮನೆಯಲ್ಲಿ ನಿವೃತ್ತ ಅಪ್ಪ-ಅಮ್ಮ ಇದ್ದರೆ ಇದನ್ನು ಓದಿ ಹೇಳಿ, ಬರೀ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ.

‘ಡಿಜಿಟಲ್ ಅರೆಸ್ಟ್’ ಮೋಸ, ಅಂದ್ರೆ ವಿಡಿಯೊ ಕಾಲ್‌ನಲ್ಲೇ ‘ನಿಮ್ಮನ್ನು ಬಂಧಿಸಿದ್ದೇವೆ’ ಅಂತ ಹೆದರಿಸಿ ಹಣ ಕೀಳೋದು, ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ’ ಅಂತ ಶುರುವಾಗುತ್ತೆ. ಆಮೇಲೆ ವಿಡಿಯೊ ಕಾಲ್‌ನಲ್ಲಿ ಸಿಬಿಐ ವೇಷದವನೊಬ್ಬ ಪ್ರತ್ಯಕ್ಷ. ಓದಿದವರೂ ಬೀಳುತ್ತಾರೆ, ದಡ್ಡತನದಿಂದಲ್ಲ. ಹೆದರಿಕೆ, ಮರ್ಯಾದೆಯ ಚಿಂತೆ, ಅದರ ಮೇಲೆ ‘ಕಾಲ್ ಕಟ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ’ ಎಂಬ ಅಪ್ಪಣೆ. ಆ ಕೊನೆಯ ಮಾತೇ ನಿಜವಾದ ಬಲೆ. ಪಕ್ಕದಲ್ಲಿ ಇನ್ನೊಬ್ಬರು ಕೂತು ಕೇಳಿಸಿಕೊಂಡರೆ ಅರ್ಧ ನಾಟಕ ಅಲ್ಲೇ ಮುಗಿಯುತ್ತೆ. ಹಾಗಾಗಿ ನಮ್ಮನೆಯಲ್ಲಿ ಒಂದೇ ನಿಯಮ: ಯಾರಾದರೂ ‘ಗುಟ್ಟಾಗಿಡಿ’ ಅಂದರೆ ತಕ್ಷಣ ಮಕ್ಕಳಿಗೆ ಫೋನ್. ರಾತ್ರಿ ಎರಡು ಗಂಟೆಯಾದರೂ ಸರಿ, ಬೈಯುವುದಿಲ್ಲ ಅಂತ ಮೊದಲೇ ಮಾತು ಕೊಟ್ಟಿದ್ದೇವೆ.

‘ಡಿಜಿಟಲ್ ಅರೆಸ್ಟ್’ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದನ್ನು ಹೇಳಿದ್ದರು. ಯಾವ ಪೊಲೀಸರೂ ‘ತನಿಖೆಗೆ’ ಅಂತ ಎಫ್‌ಡಿ ಮುರಿಸಿ ಹಣ ವರ್ಗಾಯಿಸಿಕೊಳ್ಳುವುದಿಲ್ಲ.

ಹಣ ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಯುಟಿಆರ್ ನಂಬರ್ (ಹಣ ವರ್ಗಾವಣೆಯ ಗುರುತಿನ ಸಂಖ್ಯೆ), ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಚಾಟ್ ಮಾತ್ರ ಅಳಿಸಬೇಡಿ.