ಹಿಂದಿನ ಸೀಟಿನಲ್ಲಿ ಕುಳಿತು ಆರಿಸಿದ ಕಾರು

ಮಗಳಿಗೆ ಐದು ವರ್ಷ, ಮಗ ಹುಟ್ಟಿ ನಾಲ್ಕು ತಿಂಗಳು. ಎರಡು ಬಾಗಿಲಿನ ನನ್ನ ಕಾರಿನೊಳಗೆ ಅರ್ಧ ಮೈ ತೂರಿಸಿ, ಮಗುವಿನ ಸೀಟನ್ನು ಬಿಗಿಯಲು ಒದ್ದಾಡುತ್ತಿದ್ದ ಒಂದು ಮಳೆಯ ಸಂಜೆ, ಇನ್ನು ಈ ಕಾರನ್ನು ಮಾರಲೇಬೇಕು ಎಂದು ತೀರ್ಮಾನಿಸಿದೆ. ಆದರೆ ಎತ್ತರದ ಎಸ್‌ಯುವಿ ಕೊಳ್ಳಲು ಮನಸ್ಸು ಒಪ್ಪಲಿಲ್ಲ. ನೆಲಕ್ಕೆ ಹತ್ತಿರ ಕುಳಿತು, ತಿರುವಿನಲ್ಲಿ ವಾಲದೆ, ಕೈಯ ಮಾತು ಕೇಳುವ ಕಾರನ್ನು ಓಡಿಸುವುದು ನನ್ನ ಬದುಕಿನ ದೊಡ್ಡ ಸಂತೋಷಗಳಲ್ಲಿ ಒಂದು. ಮಕ್ಕಳಾದ ಮಾತ್ರಕ್ಕೆ ಅದನ್ನು ಬಿಟ್ಟುಕೊಡಬೇಕು ಎಂದು ನನಗೆ ಅನಿಸಲಿಲ್ಲ. ಈ ಆಸೆ ಹೊಸದೂ ಅಲ್ಲ. 1950ರಲ್ಲಿ ಬಂದ ನಾಲ್ಕು ಬಾಗಿಲಿನ ಆಲ್ಫಾ ರೋಮಿಯೊ 1900 ಕಾರನ್ನು ‘ರೇಸ್ ಗೆಲ್ಲುವ ಕುಟುಂಬದ ಕಾರು’ ಎಂದೇ ಆ ಕಂಪನಿ ಪ್ರಚಾರ ಮಾಡಿತ್ತು.

ಹೀಗೆ ನಾಲ್ಕು ಬಾಗಿಲಿದ್ದೂ ಓಡಿಸುವವರಿಗೆ ಖುಷಿ ಕೊಡುವ ಚುರುಕಿನ ಕಾರನ್ನು ಸ್ಪೋರ್ಟ್ಸ್ ಸೆಡಾನ್ ಎನ್ನುತ್ತಾರೆ. ಹೊಸದು ನನ್ನ ಕೈಗೆಟುಕುವಂಥದ್ದಲ್ಲ. ಮೊದಲ ಮೂರು ನಾಲ್ಕು ವರ್ಷಗಳಲ್ಲೇ ಇಂಥ ಕಾರುಗಳ ಬೆಲೆ ಬಹುಪಾಲು ಇಳಿದುಬಿಡುತ್ತದೆ. ಹಾಗಾಗಿ ನಾಲ್ಕರಿಂದ ಆರು ವರ್ಷ ಹಳೆಯದಾದ, ಒಬ್ಬರೇ ಬಳಸಿದ ಕಾರನ್ನು ಹುಡುಕತೊಡಗಿದೆ.

ಮೊದಲ ತಿಂಗಳು ಹುಡುಕಿದ ರೀತಿಯೇ ತಪ್ಪಾಗಿತ್ತು. ಒಬ್ಬನೇ ಹೋಗುತ್ತಿದ್ದೆ, ಒಬ್ಬನೇ ಓಡಿಸಿ ನೋಡುತ್ತಿದ್ದೆ. ಮುನ್ನೂರು ಅಶ್ವಶಕ್ತಿಯ, 19 ಇಂಚಿನ ಚಕ್ರಗಳ ಒಂದು ಕಾರು ಬಹಳ ಹಿಡಿಸಿತು. ಮುಂಗಡ ಕೊಡುವ ಮೊದಲು ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೋಗಿ ಮತ್ತೊಮ್ಮೆ ಓಡಿಸಿದೆ. ಅರ್ಧ ಗಂಟೆಯ ನಂತರ ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದಾಗ, ಹೆಂಡತಿ ಬಾಗಿಲಿನ ಮೇಲಿನ ಹಿಡಿಯನ್ನು ಇನ್ನೂ ಬಿಟ್ಟಿರಲಿಲ್ಲ. ‘ನಾನು ಓಡಿಸುತ್ತೇನೆ, ನೀವು ಇಲ್ಲಿ ಬಂದು ಕುಳಿತುಕೊಳ್ಳಿ’ ಎಂದಳು.

ಕುಳಿತೆ. ಚಾಲಕನ ಸೀಟಿನಲ್ಲಿ ‘ಬಿಗಿ’ ಎಂದು ನಾನು ಮೆಚ್ಚಿದ್ದ ಸಸ್ಪೆನ್ಷನ್, ಹಿಂದಿನ ಅಚ್ಚಿನ ನೆತ್ತಿಯ ಮೇಲೆ ಕುಳಿತವನಿಗೆ ಬೇರೆಯೇ ಆಗಿತ್ತು. ರಸ್ತೆಯ ಪ್ರತಿಯೊಂದು ತೇಪೆಯೂ ಬೆನ್ನುಮೂಳೆಗೆ ತಾಗುತ್ತಿತ್ತು. ಮುಂದೆ ಕುಳಿತಾಗ ಹಾಡಿನಂತೆ ಕೇಳಿಸಿದ್ದ ಎಕ್ಸಾಸ್ಟ್ ಸದ್ದು, ಗಂಟೆಗೆ ನೂರು ಕಿಲೋಮೀಟರ್‌ನ ಒಂದೇ ವೇಗದಲ್ಲಿ ತಲೆಯೊಳಗೆ ಗುಂಯ್ ಎನ್ನುವ ಭಾರವಾಯಿತು. ಮಗಳು ಏನೋ ಕೇಳಿದಳು. ಎರಡು ಬಾರಿ ಹೇಳಿಸಿಕೊಂಡರೂ ಅರ್ಥವಾಗಲಿಲ್ಲ. ಆ ಕಾರನ್ನು ಬಿಟ್ಟೆ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಯಾವ ಕಾರೇ ಆಗಲಿ, ಓಡಿಸಿ ನೋಡುವ ಸಮಯದಲ್ಲಿ ಅರ್ಧದಷ್ಟು ನಾನು ಹಿಂದಿನ ಸೀಟಿನಲ್ಲಿ ಕುಳಿತಿರಬೇಕು.

ಅಲ್ಲಿ ಕುಳಿತ ಮೇಲೆ ನೋಡಬೇಕಾದ್ದೆಲ್ಲ ಬದಲಾಯಿತು. ಮೊದಲನೆಯದು ಚಕ್ರ. ಟೈರಿನ ಬದಿಯ ಮೇಲಿನ ಅಂಕಿಗಳಿಂದ ಒಂದು ಸಣ್ಣ ಲೆಕ್ಕ ಹಾಕಬಹುದು. 225/50 ಆರ್17 ಎಂದಿದ್ದರೆ ಟೈರಿನ ಅಗಲ 225 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ. 50, ಅಂದರೆ ಸುಮಾರು 112 ಮಿಲಿಮೀಟರ್. ಕೊನೆಯ 17 ಎಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. 255/35 ಆರ್19 ಆದರೆ ಆ ಎತ್ತರ ಬರೀ 89 ಮಿಲಿಮೀಟರ್. ಗುಂಡಿಗೂ ಮಗುವಿನ ನಿದ್ದೆಗೂ ನಡುವೆ ಇರುವ ಮೆತ್ತೆ ಅಷ್ಟು ಕಡಿಮೆಯಾದಂತೆ. ರಿಮ್ ಬಾಗುವ ಅಪಾಯವೂ ಹೆಚ್ಚು. ಹಿಂದಿನ ಟೈರುಗಳು ಮುಂದಿನವಕ್ಕಿಂತ ಅಗಲವಾಗಿದ್ದರೆ ಹಿಂದು ಮುಂದು ಅದಲುಬದಲು ಮಾಡುವ ಹಾಗೂ ಇಲ್ಲ. ಒಂದೇ ಮಾದರಿಯಲ್ಲಿ ಸಣ್ಣ ರಿಮ್ಮಿನದು ಸಿಕ್ಕರೆ ಅದನ್ನೇ ನೋಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ತಿರುವಿನಲ್ಲಿ ಕಳೆದುಕೊಳ್ಳುವುದು ಕೂದಲೆಳೆಯಷ್ಟು. ದಿನವೂ ಗಳಿಸುವುದು ಬಹಳ.

ಇನ್ನು ಮಗುವಿನ ಸೀಟು. ನಮ್ಮದನ್ನೇ ಹೊತ್ತುಕೊಂಡು ಹೋಗುತ್ತಿದ್ದೆ. ಮಾರುವವರು ಬೇಸರಪಟ್ಟುಕೊಂಡರೂ ಬಿಡಲಿಲ್ಲ. ಮಗುವಿನ ಸೀಟನ್ನು ಕಾರಿಗೆ ಸಿಕ್ಕಿಸುವ ಐಸೊಫಿಕ್ಸ್ ಕೊಂಡಿಗಳೆಂದರೆ 6 ಮಿಲಿಮೀಟರ್ ದಪ್ಪದ ಎರಡು ಉಕ್ಕಿನ ಸರಳುಗಳು, ಒಂದರಿಂದ ಇನ್ನೊಂದಕ್ಕೆ 280 ಮಿಲಿಮೀಟರ್ ದೂರ. ಕೆಲವು ಕಾರುಗಳಲ್ಲಿ ಅವು ಕಣ್ಣಿಗೇ ಕಾಣುತ್ತವೆ. ಇನ್ನು ಕೆಲವದರಲ್ಲಿ ಚರ್ಮದ ಹೊದಿಕೆಯ ಸಂದಿನೊಳಗೆ ಎಷ್ಟು ಆಳದಲ್ಲಿರುತ್ತವೆ ಎಂದರೆ, ಉಗುರು ಕಿತ್ತುಬರುವಷ್ಟು ಹೆಣಗಬೇಕು. ಹಿಮ್ಮುಖವಾಗಿ ಕೂರಿಸುವ ಸೀಟನ್ನು ಹಾಕಿದ ಮೇಲೆ ಅದರ ಮುಂದಿನ ಸೀಟಿನಲ್ಲಿ ದೊಡ್ಡವರೊಬ್ಬರು ಕುಳಿತು ನೋಡಲೇಬೇಕು. ವಿಶ್ವಸಂಸ್ಥೆಯ ಆರ್129 ನಿಯಮದ ಸೀಟುಗಳಲ್ಲಿ ಮಗುವನ್ನು ಕನಿಷ್ಠ 15 ತಿಂಗಳು ಹಿಮ್ಮುಖವಾಗಿಯೇ ಕೂರಿಸಬೇಕು. ಅದಕ್ಕಿಂತ ಹೆಚ್ಚು ಕಾಲ ಹಾಗೆ ಕೂರಿಸಿದಷ್ಟೂ ಒಳ್ಳೆಯದು. ಅಷ್ಟು ದಿನ ಹೆಂಡತಿ ಮಂಡಿಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡು ಕೂರುವುದಾದರೆ ಆ ಕಾರು ನಮ್ಮದಲ್ಲ. ಮುಂದಿನ ಸೀಟಿಗೇ ಹಿಮ್ಮುಖದ ಸೀಟು ಹಾಕಬಹುದಲ್ಲ ಎಂದು ಒಬ್ಬ ದಲ್ಲಾಳಿ ಸಲೀಸಾಗಿ ಹೇಳಿದರು. ಎದುರಿನ ಏರ್‌ಬ್ಯಾಗ್ ಬಂದ್ ಮಾಡದೆ ಹಾಗೆ ಕೂರಿಸಿದರೆ ಮಗುವಿನ ಜೀವಕ್ಕೇ ಅಪಾಯ. ಅದನ್ನು ಅವರಿಗೆ ಅಲ್ಲೇ ಗಟ್ಟಿಯಾಗಿ ಹೇಳಿ ಬಂದೆ.

ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವ ಕಾರುಗಳಲ್ಲಿ ಒಳಗಿನ ನೆಲದ ನಡುವೆ ದಿಬ್ಬದಂಥ ಉಬ್ಬು ಇರುತ್ತದೆ, ಪ್ರೊಪೆಲರ್ ಶಾಫ್ಟ್ ಹಾದುಹೋಗಲು. ನಡುವೆ ಕೂರುವವರು ಕಾಲನ್ನು ಎರಡೂ ಕಡೆ ಚಾಚಬೇಕಾಗುತ್ತದೆ. ನಮ್ಮಲ್ಲಿ ಹಿಂದೆ ಇಬ್ಬರೇ ಮಕ್ಕಳು, ನಡುವೆ ಯಾರೂ ಇಲ್ಲ. ಆದ್ದರಿಂದ ಅದನ್ನು ಒಪ್ಪಿಕೊಂಡೆ. ಮೂವರು ಮಕ್ಕಳಿರುವವರು ಒಪ್ಪಬಾರದು. ಮಂಡಿನೋವಿನ ನನ್ನ ತಾಯಿಯನ್ನೂ ಒಂದು ದಿನ ಕರೆದೊಯ್ದೆ. ಅವರು ಕುಳಿತು ಏಳುವುದನ್ನು ನೋಡಿಯೇ ಎರಡು ಕಾರುಗಳನ್ನು ಪಟ್ಟಿಯಿಂದ ತೆಗೆದೆ.

ಡಿಕ್ಕಿಯ ವಿಷಯದಲ್ಲಿ ಲೀಟರ್ ಲೆಕ್ಕವನ್ನು ನಂಬಿ ಕೂರಬೇಡಿ. ಯುರೋಪಿನ ಕಂಪನಿಗಳು ಹೆಚ್ಚಾಗಿ ಅನುಸರಿಸುವ ವಿಡಿಎ (ಜರ್ಮನಿಯ ವಾಹನ ಉದ್ಯಮದ ಸಂಘ) ಕ್ರಮದಲ್ಲಿ ಡಿಕ್ಕಿಯನ್ನು ಅಳೆಯುವುದು ಒಂದೊಂದು ಲೀಟರಿನ ಪುಟ್ಟ ಇಟ್ಟಿಗೆಗಳಿಂದ: 200 ಮಿಲಿಮೀಟರ್ ಉದ್ದ, 100 ಅಗಲ, 50 ಎತ್ತರ. ಮೂಲೆಮೂಲೆಗೂ ಇಟ್ಟಿಗೆ ತುಂಬಬಹುದು. ಮಗುವಿನ ತಳ್ಳುಗಾಡಿಯನ್ನು ಹಾಗೆ ತುಂಬಲಾಗದು. 480 ಲೀಟರ್ ಎಂದು ಬರೆದಿದ್ದ ಒಂದು ಕಾರಿನಲ್ಲಿ ಒಳಗೆ ಬೇಕಾದಷ್ಟು ಜಾಗವಿತ್ತು, ಆದರೆ ಬಾಯಿ ಕಿರಿದು. ಗಾಡಿಯ ಒಂದು ಚಕ್ರ ಕಳಚಿದರೆ ಮಾತ್ರ ಒಳಗೆ ಹೋಗುತ್ತಿತ್ತು. ದಿನಕ್ಕೆರಡು ಬಾರಿ ಚಕ್ರ ಕಳಚಿ ಹಾಕುವುದು ಯಾರಿಂದ ಆದೀತು? ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಕಾರಿನಲ್ಲಿ ಹಿಂಗಾಜಿನ ಸಮೇತ ಇಡೀ ಬಾಗಿಲೇ ಮೇಲಕ್ಕೆ ತೆರೆದುಕೊಳ್ಳುತ್ತದೆ. ಅದರ ಮೂರನೆಯ ತಲೆಮಾರಿನಲ್ಲಿ 590 ಲೀಟರ್ ಜಾಗ. ಸಾಮಾನಿನದೇ ದೊಡ್ಡ ಚಿಂತೆಯಾಗಿರುವ ಮನೆಗೆ ಅದಕ್ಕಿಂತ ಒಳ್ಳೆಯ ಆಯ್ಕೆ ನನಗೆ ತೋಚುವುದಿಲ್ಲ. ಡಿಕ್ಕಿಯ ನೆಲವನ್ನೂ ಎತ್ತಿ ನೋಡಿ: ಇಂಥ ಬಹಳಷ್ಟು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ.

ಈ ಪರೀಕ್ಷೆಗಳಲ್ಲಿ ಗೆದ್ದ ಕಾರುಗಳನ್ನು ಮಾತ್ರ ಬಾನೆಟ್ ತೆರೆದು ನೋಡುತ್ತಿದ್ದೆ. ಈ ಜಾತಿಯ ಕಾರುಗಳಿಗೆ ಒಂದು ವಿಶೇಷ ಅಪಾಯವಿದೆ. ಹಿಂದಿನ ಮಾಲೀಕರೂ ನನ್ನ ಹಾಗೆಯೇ ವೇಗ ಇಷ್ಟಪಟ್ಟವರು. ಯಾರೋ ಎಂಜಿನ್ ಕಂಪ್ಯೂಟರಿನ ಲೆಕ್ಕಾಚಾರ ಬದಲಿಸಿ ಶಕ್ತಿ ಹೆಚ್ಚಿಸಿ ಓಡಿಸಿರುತ್ತಾರೆ, ಮಾರುವ ವಾರ ಮೊದಲಿನಂತೆ ಮಾಡಿರುತ್ತಾರೆ. ಆಗಿನ ಒತ್ತಡವೆಲ್ಲ ಟರ್ಬೊ, ಕ್ಲಚ್, ಗೇರ್‌ಬಾಕ್ಸ್‌ಗಳೊಳಗೆ ಉಳಿದಿರುತ್ತದೆ.

ಅದಕ್ಕೇ ನಾನು ಬೆಳಿಗ್ಗೆಯೇ ಬರುತ್ತೇನೆ, ಎಂಜಿನ್ ಶುರು ಮಾಡಿರಬೇಡಿ ಎಂದು ಮೊದಲೇ ಹೇಳಿರುತ್ತಿದ್ದೆ. ಒಂದು ಮನೆಯಲ್ಲಿ ಬಾನೆಟ್ ಮೇಲೆ ಅಂಗೈ ಇಟ್ಟರೆ ಬಿಸಿ. ‘ಈಗಷ್ಟೇ ತೊಳೆಸಿಕೊಂಡು ಬಂದೆ’ ಎಂದರು. ಹೊರಗೆ ಕುಳಿತು ಎರಡು ತಾಸು ಕಾದೆ. ತಣ್ಣಗಾದ ಮೇಲೆ ಶುರು ಮಾಡಿದಾಗ ಮೊದಲ ಎರಡು ಮೂರು ಕ್ಷಣ ಎಂಜಿನ್ನಿನ ಒಳಗಿಂದ ಕಟಕಟ ಎಂಬ ಸದ್ದು ಬಂತು. ಎಣ್ಣೆಯ ಒತ್ತಡ ಏರಿದ ಕೂಡಲೇ ನಿಂತುಹೋಯಿತು. ಎಂಜಿನ್ನಿನ ಕವಾಟಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಟೈಮಿಂಗ್ ಚೈನ್ ಸಡಿಲವಾದರೆ ಹಾಗೆಯೇ ಸದ್ದು ಮಾಡುತ್ತದೆ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ, ಅಂಗೈಯಗಲದ ಒಬಿಡಿ ಸಾಧನವನ್ನು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದೆ. ದೋಷ ಒಂದೂ ಇಲ್ಲ ಎಂದು ತೋರಿಸಿತು. ಆದರೆ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸರಣಿಯಲ್ಲಿ ಹೆಚ್ಚಿನವು ‘ಇನ್ನೂ ಪೂರ್ಣವಾಗಿಲ್ಲ’ ಎಂದಿದ್ದವು. ದೋಷಗಳನ್ನು ಇತ್ತೀಚೆಗೆ ಅಳಿಸಿದ್ದರೆ, ಅಥವಾ ಬ್ಯಾಟರಿ ಕಳಚಿದ್ದರೆ ಹಾಗೆ ಬರುತ್ತದೆ. ಬಿಸಿ ಬಾನೆಟ್, ಕಟಕಟ ಸದ್ದು, ಅಳಿಸಿದ ದಾಖಲೆ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ನಮಸ್ಕಾರ ಹೇಳಿ ಹೊರಟೆ.

ಸರ್ವಿಸ್ ದಾಖಲೆಯಲ್ಲಿ ನಾನು ನೋಡುತ್ತಿದ್ದುದು ಮುದ್ರೆಗಳನ್ನಲ್ಲ, ಬಿಲ್ಲುಗಳನ್ನು. ಯಾವ ಎಣ್ಣೆ, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಎಂಬುದು ಅಲ್ಲಿ ಇರುತ್ತದೆ. 30,000 ಕಿ.ಮೀ.ವರೆಗೂ ಎಂಜಿನ್ ಎಣ್ಣೆ ಬದಲಿಸಬೇಕಿಲ್ಲ ಎನ್ನುವ ವೇಳಾಪಟ್ಟಿಗಳಿವೆ. ಟರ್ಬೊ ಎಂಜಿನ್ನಿಗೆ ಅದರ ಅರ್ಧಕ್ಕೇ ಬದಲಿಸಿದ ಮಾಲೀಕರನ್ನು ನಾನು ಹೆಚ್ಚು ನಂಬುತ್ತೇನೆ. ಗೇರ್‌ಬಾಕ್ಸ್ ಎಣ್ಣೆಯದೂ ಇದೇ ಕಥೆ. ಹಲವು ಕಂಪನಿಗಳ ಕಾರುಗಳಲ್ಲಿರುವ ಝಡ್‌ಎಫ್‌ನ ಎಂಟು ಗೇರಿನ ಆಟೊಮ್ಯಾಟಿಕ್‌ಗೆ ಜೀವನಪರ್ಯಂತ ಎಣ್ಣೆ ಬದಲಿಸಬೇಕಿಲ್ಲ ಎಂದು ಕಾರು ಮಾರುವವರು ಹೇಳುತ್ತಾರೆ. ಅದನ್ನು ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಎನ್ನುತ್ತದೆ. ನಾನು ತಯಾರಿಸಿದವರ ಮಾತನ್ನು ಕೇಳುತ್ತೇನೆ.

ಹಿಂದಿನ ಸೀಟುಬೆಲ್ಟುಗಳನ್ನು ಪೂರ್ತಿ ಹೊರಗೆಳೆದು ನೋಡುವುದನ್ನು ಮರೆಯಬೇಡಿ. ಇದನ್ನು ಯಾರೂ ಮಾಡುವುದಿಲ್ಲ. ಬುಡದಲ್ಲಿ ತಯಾರಾದ ವರ್ಷದ ಚೀಟಿ ಇರುತ್ತದೆ. ಕಾರಿಗಿಂತ ಬೆಲ್ಟು ಹೊಸದಾಗಿದ್ದರೆ, ಅದನ್ನೇಕೆ ಬದಲಿಸಿದರು ಎಂದು ಕೇಳಬೇಕು. ಒಂದು ಕಾರಿನಲ್ಲಿ ಹಾಗೆ ಎಳೆದಾಗ ಬೆಲ್ಟಿನ ಕೊನೆಯ ಒಂದು ಗೇಣು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ನೀರಿನಲ್ಲಿ ಮುಳುಗಿದ ಕಾರದು. ಮೇಲಿನ ಸೀಟುಗಳನ್ನೆಲ್ಲ ಥಳಥಳಿಸುವಂತೆ ತೊಳೆದಿದ್ದರು, ಬೆಲ್ಟಿನ ಬುಡಕ್ಕೆ ಅವರ ಕೈ ಹೋಗಿರಲಿಲ್ಲ.

ಕೊನೆಗೆ ಕೊಂಡದ್ದು ಬಿಎಂಡಬ್ಲ್ಯು 3 ಸರಣಿಯ ಎಫ್30 ತಲೆಮಾರಿನ 330ಐ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 252 ಅಶ್ವಶಕ್ತಿ, ಮೇಲೆ ಹೇಳಿದ ಎಂಟು ಗೇರಿನ ಪೆಟ್ಟಿಗೆ. ಚಕ್ರ 17 ಇಂಚಿನವು. ಓಡಿದ್ದು 71,000 ಕಿ.ಮೀ., ಬಿಲ್ಲುಗಳ ದಪ್ಪ ಕಡತ ಜೊತೆಗಿತ್ತು. ಡಿಕ್ಕಿ ಇದರದೂ 480 ಲೀಟರೇ, ಆದರೆ ನಮ್ಮ ತಳ್ಳುಗಾಡಿ ಚಕ್ರ ಕಳಚದೆ ಅಡ್ಡವಾಗಿ ಒಳಗೆ ಹೋಯಿತು. ಹಿಂದಿನ ಒರಗು ಮಡಚುವಂಥದ್ದೋ ಎಂದೂ ನೋಡಿಕೊಂಡಿದ್ದೆ. ಟೈರುಗಳು ಹಳೆಯವಾಗಿದ್ದವು. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ನಂತರದೆರಡು ವರ್ಷ. ಅದನ್ನು ತೋರಿಸಿಯೇ ನಾಲ್ಕು ಟೈರಿನಷ್ಟು ಹಣವನ್ನು ಬೆಲೆಯಲ್ಲಿ ಇಳಿಸಿಕೊಂಡೆ. ಸ್ಟೆಪ್ನಿ ಇಲ್ಲದ್ದರಿಂದ ಗಾಳಿ ತುಂಬುವ ಯಂತ್ರವನ್ನೂ ತೂತು ಮುಚ್ಚುವ ದ್ರವವನ್ನೂ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ.

ಮೊದಲ ತಿಂಗಳಲ್ಲೇ ಎಂಜಿನ್ ಎಣ್ಣೆ, ಬ್ರೇಕ್ ದ್ರವ ಎರಡನ್ನೂ ಬದಲಿಸಿದೆ. 85,000 ಕಿ.ಮೀ.ಗೆ ಗೇರ್‌ಬಾಕ್ಸ್ ಎಣ್ಣೆ ಬದಲಿಸಿದೆ. ಹೊರಬಂದ ಎಣ್ಣೆ ಕಪ್ಪಗಿತ್ತು. ಬದಲಿಸಿದ ಮೇಲೆ ಎರಡರಿಂದ ಮೂರನೆಯ ಗೇರಿಗೆ ಹೋಗುವಾಗಿನ ಸಣ್ಣ ಜಗ್ಗು ಮಾಯವಾಯಿತು. ವಾರದ ದಿನಗಳಲ್ಲಿ ಕಂಫರ್ಟ್ ಮೋಡ್‌ನಲ್ಲಿ ಮೆಲ್ಲಗೆ ಓಡಿಸುತ್ತೇನೆ. ಭಾನುವಾರ ಬೆಳಗ್ಗೆ, ಮನೆಯವರೆಲ್ಲ ಮಲಗಿರುವಾಗ, ಒಂದು ಗಂಟೆ ಅದು ನನ್ನದು. ಕೆಲವೊಮ್ಮೆ ಮಗಳು ಮೊದಲೇ ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಆಗ ತಿರುವುಗಳನ್ನು ಅವಳ ನಗು ಕೇಳಿಸುವಷ್ಟೇ ವೇಗದಲ್ಲಿ ತೆಗೆದುಕೊಳ್ಳುತ್ತೇನೆ.

ಕಳೆದ ತಿಂಗಳು ಮಗನ ಸೀಟನ್ನು ಮುಂದಕ್ಕೆ ಮುಖ ಮಾಡಿ ತಿರುಗಿಸಿದೆವು. ಎರಡು ವರ್ಷದ ನಂತರ ಹೆಂಡತಿ ತನ್ನ ಸೀಟನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಸರಿಸಿ, ಕಾಲು ಚಾಚಿ ಕುಳಿತಳು.